ದರ ಕಾಗದದ ಮೇಲೆ, ಕೂಲಿ ಅಳತೆಯ ಮೇಲೆ

1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಲ್ಲಿ ಎರಡು ಅಂಕಿಗಳಿವೆ: 9 ರೂಪಾಯಿ 25 ಪೈಸೆ, 8 ರೂಪಾಯಿ 25 ಪೈಸೆ. ಮೊದಲನೆಯದು ಅಂದಿನ ಕನಿಷ್ಠ ದಿನಗೂಲಿ. ಗುತ್ತಿಗೆದಾರರು ಅಷ್ಟನ್ನೂ ಎಣಿಸಿ ಕೊಡುತ್ತಿದ್ದರು, ಆದರೆ ಆಳುಗಳನ್ನು ಕರೆತಂದ ಜಮಾದಾರನ ಕೈಗೆ. ಅವನು ತಲೆಗೊಂದು ರೂಪಾಯಿ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಹಂಚುತ್ತಿದ್ದ. ಕಾಗದದಲ್ಲಿ ದರ ಸರಿಯಾಗಿಯೇ ಇತ್ತು. ಕನಿಷ್ಠಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಗೆ ಸಮ ಎಂದು ನ್ಯಾಯಾಲಯ ಹೇಳಿತು. ಆ ಒಂದು ರೂಪಾಯಿ ಹೋದ ದಾರಿಯನ್ನು ಮಾತ್ರ ದರಪಟ್ಟಿ ಎಷ್ಟು ಓದಿದರೂ ಹಿಡಿಯಲಾಗುತ್ತಿರಲಿಲ್ಲ.

ವೇತನದ ವಾದಗಳೆಲ್ಲ ‘ಎಷ್ಟು’ ಎಂಬಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತವೆ. ಆದರೆ ದರವೆಂಬುದು ಒಂದು ಭಾಗಾಕಾರ. ಮೇಲೆ ಹಣ; ಕೆಳಗೆ ಗಂಟೆಯೋ, ದಿನವೋ, ಪೀಸೋ. ಸರ್ಕಾರ, ಸಂಘ, ಪತ್ರಿಕೆ ಎಲ್ಲರೂ ಕಾವಲು ಕೂತಿರುವುದು ಮೇಲಿನ ಅಂಕಿಗೆ. ಸೋರುವುದು ಹೆಚ್ಚಾಗಿ ಕೆಳಗಿನಿಂದ. ಹಾಗಾಗಿ ಈ ಬರಹದಲ್ಲಿ ಮೇಲಿನ ಅಂಕಿಗೆ ಸ್ವಲ್ಪ ಜಾಗ, ಕೆಳಗಿನದಕ್ಕೆ ಜಾಸ್ತಿ.

ದರ ಹುಟ್ಟುವ ಬಗೆ

ಬೇಡಿಕೆ ಮತ್ತು ಪೂರೈಕೆಯ ಗೆರೆಗಳು ಕೂಡುವಲ್ಲಿ ಕೂಲಿ ನಿಲ್ಲುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಸರಕಿಗೆ ಇದು ಒಪ್ಪುತ್ತದೆ, ದುಡಿಮೆಗೆ ಅರ್ಧ ಮಾತ್ರ. ಬೇರೆ ಕೆಲಸ ಹುಡುಕಲು ಸಮಯ ಬೇಕು, ದೂರ ಓಡಾಡಬೇಕು, ನಡುವೆ ಒಂದೆರಡು ತಿಂಗಳು ಕೈ ಬರಿದಾದರೂ ತಡೆದುಕೊಳ್ಳಬೇಕು. ಮಾಲೀಕ ಸ್ವಲ್ಪ ಕಡಿಮೆ ಕೊಟ್ಟ ಮಾತ್ರಕ್ಕೆ ಎಲ್ಲರೂ ಎದ್ದು ಹೋಗುವುದಿಲ್ಲ. ಕೊಳ್ಳುವವನ ಕೈಯಲ್ಲಿರುವ ಈ ಬಲಕ್ಕೆ 1933ರಲ್ಲಿ ಜೋನ್ ರಾಬಿನ್ಸನ್ ‘ಮೊನಾಪ್ಸನಿ’ ಎಂಬ ಹೆಸರನ್ನು ಚಲಾವಣೆಗೆ ತಂದರು.

ಲೆಕ್ಕ ಹಾಕಿ ನೋಡಿ. ಒಂದು ಘಟಕದಲ್ಲಿ 10 ಜನ ದಿನಕ್ಕೆ 100ರಂತೆ ದುಡಿಯುತ್ತಿದ್ದಾರೆ; ನಾಣ್ಯ ಯಾವುದಾದರೂ ಇರಲಿ. ಹನ್ನೊಂದನೆಯವನು 110 ಕೊಟ್ಟರೆ ಮಾತ್ರ ಬರುತ್ತಾನೆ. ಹೊಸಬನಿಗೆ 110, ಹಳಬರಿಗೆ 100 ಎಂದರೆ ಗಲಾಟೆಯಾಗುತ್ತದೆ, ಹಾಗಾಗಿ ಎಲ್ಲರಿಗೂ 110 ಮಾಡಬೇಕು. ಒಟ್ಟು ಖರ್ಚು 1,000ದಿಂದ 1,210ಕ್ಕೆ ಏರುತ್ತದೆ. 110ರ ಆಳು ಮಾಲೀಕನಿಗೆ ಬೀಳುವುದು 210ಕ್ಕೆ. ಅವನಿಂದ 180ರಷ್ಟು ಆದಾಯ ಬರುವಂತಿದ್ದರೂ ಮಾಲೀಕ ಅವನನ್ನು ಸೇರಿಸಿಕೊಳ್ಳುವುದಿಲ್ಲ. ಈಗ ಕಾನೂನು 110ನ್ನು ಕನಿಷ್ಠ ಎಂದು ಗೊತ್ತುಮಾಡಿತು ಅನ್ನಿ. ಹಳಬರ ಏರಿಕೆ ಹೇಗೂ ತಪ್ಪುವುದಿಲ್ಲ, ಹೊಸಬನಿಂದ ಆಗುವ ಹೆಚ್ಚುವರಿ ಖರ್ಚು ಬರೀ 110. 180 ತರುವವನನ್ನು ಬಿಡಲು ಕಾರಣವೇ ಉಳಿಯಲಿಲ್ಲ. ಕೂಲಿಯೂ ಏರಿತು, ಕೆಲಸವೂ ಒಂದು ಹೆಚ್ಚಿತು. ಅದೇ ಕನಿಷ್ಠವನ್ನು 190ಕ್ಕೆ ಒಯ್ದರೆ ಅವನು ನಷ್ಟದ ಬಾಬ್ತಾಗುತ್ತಾನೆ, ಹಳಬರಲ್ಲೂ ಕೆಲವರು ಹಾಗೆಯೇ ಆಗಬಹುದು. ಕನಿಷ್ಠ ವೇತನ ಕೆಲಸ ಕಸಿಯುತ್ತದೆ ಎನ್ನುವವರೂ ಕಸಿಯುವುದೇ ಇಲ್ಲ ಎನ್ನುವವರೂ ಒಂದೇ ಲೆಕ್ಕದ ಎರಡು ತುದಿ ಹಿಡಿದು ಜಗ್ಗಾಡುತ್ತಿದ್ದಾರೆ.

ಇದು ಬರೀ ಕಾಗದದ ಲೆಕ್ಕವಲ್ಲ. 1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ದರವನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಗಡಿಯ ಎರಡೂ ಬದಿಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಕುರುಹು ಸಿಗಲಿಲ್ಲ. ನ್ಯೂಮಾರ್ಕ್ ಮತ್ತು ವಾಶರ್ ವೇತನಪಟ್ಟಿಗಳನ್ನು ತೆಗೆದು 2000ದಲ್ಲಿ ಪ್ರತಿವಾದ ಹೂಡಿದರು, ಜಗಳ ಇನ್ನೂ ಪೂರ್ತಿ ತಣಿದಿಲ್ಲ. 2021ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಕಾರ್ಡ್ ಅವರಿಗೆ ಪಾಲು ಬಂತು.

ಕೆಲವೊಮ್ಮೆ ಮಾಲೀಕ ತಾನಾಗಿಯೇ ಮಾರುಕಟ್ಟೆಗಿಂತ ಹೆಚ್ಚು ಕೊಡುತ್ತಾನೆ. 1914ರ ಹೆನ್ರಿ ಫೋರ್ಡ್‌ನ ‘ದಿನಕ್ಕೆ ಐದು ಡಾಲರ್’ ಇದಕ್ಕೆ ಹಳೆಯ ಉದಾಹರಣೆ. ಹಿಂದಿನ ವರ್ಷ ಅವನ ಕಾರ್ಖಾನೆಯಲ್ಲಿ ಕೆಲಸ ಬಿಟ್ಟುಹೋಗುವವರ ಪ್ರಮಾಣ ಶೇ. 370ರಷ್ಟಿತ್ತು, ಒಂದು ಜಾಗ ತುಂಬಿಡಲು ವರ್ಷಕ್ಕೆ ನಾಲ್ಕು ಬಾರಿ ಹೊಸಬರನ್ನು ತಂದು ಕಲಿಸಬೇಕು. ಆ ಖರ್ಚಿನ ಮುಂದೆ ಕೂಲಿ ಏರಿಸುವುದೇ ಅಗ್ಗ. ಆದರೆ ಆ ಐದು ಡಾಲರಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಲಾಭದ ಪಾಲಿನ ಹೆಸರಿನಲ್ಲಿತ್ತು. ಅದು ಕೈಗೆ ಬರಬೇಕಾದರೆ ಕಂಪನಿಯ ತನಿಖೆದಾರ ಮನೆಗೆ ಬಂದು ಕುಡಿತವಿಲ್ಲ, ಉಳಿತಾಯವಿದೆ, ಮನೆ ಚೊಕ್ಕಟವಾಗಿದೆ ಎಂದು ಬರೆದುಕೊಂಡು ಹೋಗಬೇಕಿತ್ತು. ಶೀರ್ಷಿಕೆಯಲ್ಲಿ ಐದು, ಷರತ್ತು ಒಳಪುಟದಲ್ಲಿ.

ಅಡಿಗೆರೆ ಎಳೆಯುವವರು

ಕನಿಷ್ಠವನ್ನು ಯಾರು ಗೊತ್ತುಮಾಡಬೇಕು ಎಂಬುದಕ್ಕೆ ಜಗತ್ತಿನಲ್ಲಿ ಮೂರು ಪದ್ಧತಿಗಳಿವೆ. ಮೊದಲನೆಯದು ಕಸುಬಿಗೊಂದು ದರ. ನ್ಯೂಜಿಲೆಂಡ್ 1894ರಲ್ಲಿ ಕಡ್ಡಾಯ ಪಂಚಾಯಿತಿಯ, ಅಂದರೆ ಮಧ್ಯಸ್ಥರ ತೀರ್ಮಾನದ, ದಾರಿ ಹಿಡಿಯಿತು. ಆಸ್ಟ್ರೇಲಿಯದ ವಿಕ್ಟೋರಿಯಾ 1896ರಲ್ಲಿ ಕಸುಬಿಗೊಂದು ವೇತನ ಮಂಡಳಿ ಮಾಡಿತು. ಬ್ರಿಟನ್ 1909ರಲ್ಲಿ ಅದನ್ನೇ ನೋಡಿ ಸಿದ್ಧ ಉಡುಪು, ಕಾಗದದ ಪೆಟ್ಟಿಗೆ, ಲೇಸು, ಸರಪಳಿ ಈ ನಾಲ್ಕು ಕಸುಬುಗಳಿಂದ ಶುರುಮಾಡಿತು. ನಾಲ್ಕರಲ್ಲೂ ಕೂಲಿ ತೀರಾ ಕೆಳಗಿತ್ತು, ಸಂಘಟನೆಗೆ ಬಲವಿರಲಿಲ್ಲ. ಎರಡನೆಯದು ಎಲ್ಲರಿಗೂ ಒಂದೇ ಅಂಕಿ: ಅಮೆರಿಕ 1938ರಲ್ಲಿ ಗಂಟೆಗೆ 25 ಸೆಂಟು, ಬ್ರಿಟನ್ 1999ರಲ್ಲಿ 3.60 ಪೌಂಡ್, ಜರ್ಮನಿ 2015ರಲ್ಲಿ 8.50 ಯೂರೊ. ಮೂರನೆಯದು ಸಂಘ ಮತ್ತು ಮಾಲೀಕರ ಒಕ್ಕೂಟ ಕೂತು ಮಾಡಿಕೊಳ್ಳುವ ಒಪ್ಪಂದ. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಇಂದಿಗೂ ಕಾನೂನಿನ ಕನಿಷ್ಠ ವೇತನವೇ ಇಲ್ಲ. ಫ್ರಾನ್ಸಿನಲ್ಲಿ ಹತ್ತರಲ್ಲಿ ಒಬ್ಬರಷ್ಟೇ ಸಂಘದ ಸದಸ್ಯರಾದರೂ ಒಪ್ಪಂದವನ್ನು ಸರ್ಕಾರ ಇಡೀ ಕ್ಷೇತ್ರಕ್ಕೆ ವಿಸ್ತರಿಸುವುದರಿಂದ ಬಹುಪಾಲು ಕೆಲಸಗಾರರು ಅದರೊಳಗೆ ಬರುತ್ತಾರೆ. ಸದಸ್ಯತ್ವದ ಅಂಕಿ ನೋಡಿ ಸಂಘದ ಬಲ ಅಳೆಯುವವರು ಇಲ್ಲಿ ಮೋಸಹೋಗುತ್ತಾರೆ.

ಕಸುಬಿಗೊಂದು ದರ ಎಂಬ ಪದ್ಧತಿಯ ಕಾಯಿಲೆ ವರ್ಗೀಕರಣ. ಕುಶಲ, ಅರೆಕುಶಲ, ಅಕುಶಲ ಎಂದು ಮೂರು ಸಾಲು ಬರೆದ ತಕ್ಷಣ, ಯಂತ್ರ ನಡೆಸುವವನ ಹೆಸರು ‘ಸಹಾಯಕ’ನ ಸಾಲಿಗೆ ಇಳಿಯುತ್ತದೆ. ದರ ಉಲ್ಲಂಘನೆಯಾಗಲಿಲ್ಲ, ಹುದ್ದೆಯ ಹೆಸರು ಬದಲಾಯಿತು ಅಷ್ಟೆ. ಆದೇಶದಲ್ಲಿ ಹುದ್ದೆಯ ಹೆಸರಿನ ಜೊತೆ ಅವನು ಮಾಡುವ ಕೆಲಸದ ವಿವರಣೆಯನ್ನೂ ಬರೆದರೆ ಮಾತ್ರ ಇದನ್ನು ಪ್ರಶ್ನಿಸಬಹುದು.

ಇನ್ನು ಅಂಕಿ ಬರುವುದು ಎಲ್ಲಿಂದ? ಒಂದು ದಾರಿ ಅಗತ್ಯದಿಂದ. 1907ರಲ್ಲಿ ಆಸ್ಟ್ರೇಲಿಯದ ನ್ಯಾಯಮೂರ್ತಿ ಹಿಗಿನ್ಸ್, ಹಾರ್ವೆಸ್ಟರ್ ಪ್ರಕರಣದಲ್ಲಿ, ಹೆಂಡತಿ ಮಕ್ಕಳಿರುವ ಅಕುಶಲ ಕಾರ್ಮಿಕ ಮಿತವಾಗಿ ಆದರೆ ನೆಮ್ಮದಿಯಾಗಿ ಬದುಕಲು ದಿನಕ್ಕೆ 7 ಶಿಲಿಂಗ್ ಬೇಕು ಎಂದರು. ಅದೇ ತರ್ಕದ ಬೆನ್ನಿಗೆ 1919ರಲ್ಲಿ ಹೆಂಗಸರ ಮೂಲ ದರ ಗಂಡಸಿನ ಶೇ. 54 ಎಂದಾಯಿತು. ಸಂಸಾರ ನಡೆಸುವವನು ಗಂಡಸು ಎಂದು ಸೂತ್ರದೊಳಗೆ ಒಮ್ಮೆ ಕೂತರೆ ಹೊರಬರಲು ಅರ್ಧ ಶತಮಾನ ಬೇಕು.

ಭಾರತದಲ್ಲಿ 1957ರ 15ನೇ ಕಾರ್ಮಿಕ ಸಮ್ಮೇಳನ ಮಾಡಿದ ಸೂತ್ರ ಇನ್ನೂ ಬಿಡಿಬಿಡಿಯಾಗಿದೆ. ಒಬ್ಬ ದುಡಿಯುವವನಿಗೆ 3 ಬಳಕೆ ಘಟಕ: ಗಂಡಸು 1, ಹೆಂಗಸು 0.8, ಎರಡು ಮಕ್ಕಳು ತಲಾ 0.6. ಹೆಂಡತಿ ಮಕ್ಕಳ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ, ಅಂದರೆ ಮನೆಗೆ 8,100. ತಲೆಗೆ 18 ಗಜದಂತೆ ವರ್ಷಕ್ಕೆ 72 ಗಜ ಬಟ್ಟೆ. ಸರ್ಕಾರಿ ಕೈಗಾರಿಕಾ ವಸತಿ ಯೋಜನೆಯ ಅತಿ ಚಿಕ್ಕ ಮನೆಯ ಬಾಡಿಗೆ. ಇಂಧನ, ದೀಪ, ಇತರೆ ಖರ್ಚಿಗೆ ಒಟ್ಟು ಕನಿಷ್ಠ ವೇತನದ ಶೇ. 20.

ಎಡವುವುದು ಈ ಕೊನೆಯ ಸಾಲಿನಲ್ಲಿ. ‘ಒಟ್ಟು ವೇತನದ ಶೇ. 20’ ಬೇರೆ, ‘ಉಳಿದ ಖರ್ಚಿನ ಶೇ. 20’ ಬೇರೆ. ಆಹಾರ, ಬಟ್ಟೆ, ಬಾಡಿಗೆ ಸೇರಿ 100 ಆಯಿತು ಅನ್ನಿ. ಅದು ಒಟ್ಟಿನ ಶೇ. 80 ಆಗಬೇಕಾದ್ದರಿಂದ ಒಟ್ಟು 125. 20 ಕೂಡಿಸಿ 120 ಎಂದು ಬರೆದರೆ ತಪ್ಪು. 1991ರ ರೆಪ್ಟಕೋಸ್ ಬ್ರೆಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು, ಮದುವೆ ಇತ್ಯಾದಿಗೆಂದು ಒಟ್ಟಿನ ಇನ್ನೂ ಶೇ. 25 ಸೇರಿಸಿತು. ಈಗ ಆ 100 ಎಂಬುದು ಒಟ್ಟಿನ ಶೇ. 55. 100ನ್ನು 0.55ರಿಂದ ಭಾಗಿಸಿದರೆ 181.8. ಇಪ್ಪತ್ತು, ಇಪ್ಪತ್ತೈದು ಎಂದು ಸುಮ್ಮನೆ ಕೂಡಿಸಿದರೆ 145. ಕೂಡಿಸಬೇಕೋ ಭಾಗಿಸಬೇಕೋ ಎಂಬ ಗೊಂದಲವೊಂದರಲ್ಲೇ ಕೂಲಿಯ ಐದರಲ್ಲೊಂದು ಪಾಲು ಮಾಯ. ವೇತನ ಸಮಿತಿಯ ವರದಿ ಕೈಗೆ ಬಂದರೆ ನೋಡಬೇಕಾದ ಮೊದಲ ಜಾಗ ಇದು.

ಇನ್ನೊಂದು ದಾರಿ ಇರುವ ಕೂಲಿಗಳ ಜೊತೆ ಹೋಲಿಕೆ. ಎಲ್ಲ ಕೆಲಸಗಾರರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಸಂಬಳ ಮಧ್ಯಾಂಕ. ಐರೋಪ್ಯ ಒಕ್ಕೂಟದ 2022ರ ನಿರ್ದೇಶನವು ಮಧ್ಯಾಂಕದ ಶೇ. 60, ಸರಾಸರಿಯ ಶೇ. 50 ಎಂಬ ಅಳತೆಗಳನ್ನು ದಿಕ್ಸೂಚಿಯಾಗಿ ಹೆಸರಿಸುತ್ತದೆ. ಸರಾಸರಿಗಿಂತ ಮಧ್ಯಾಂಕ ನಂಬಿಕಸ್ಥ, ಏಕೆಂದರೆ ಮೇಲಿನ ನಾಲ್ಕು ಜನರ ಸಂಬಳ ಹತ್ತುಪಟ್ಟಾದರೂ ಅದು ಅಲುಗುವುದಿಲ್ಲ. ಆದರೆ ಅರ್ಧದಷ್ಟು ಜನರ ಕೂಲಿ ಯಾವ ಪುಸ್ತಕಕ್ಕೂ ಏರದ ಕಡೆ ಮಧ್ಯಾಂಕವೇ ಊಹೆಯಾಗುತ್ತದೆ. ಅಂಥ ಕಡೆ ಅಗತ್ಯದ ಸೂತ್ರವೇ ವಾಸಿ.

ಒಂದು ಪೀಸಿಗೆ ಎಷ್ಟು ನಿಮಿಷ

ಗಂಟೆಗೆ 120 ಕನಿಷ್ಠ ಎಂದು ಆದೇಶವಾಯಿತು. ಹೊಲಿಗೆ, ಪ್ಯಾಕಿಂಗ್, ಜೋಡಣೆಯಂಥ ಕೆಲಸಗಳಲ್ಲಿ ಕೊಡುವುದು ತುಂಡಿನ ಲೆಕ್ಕ. ಹಾಗಾದರೆ ತುಂಡಿಗೆ ಎಷ್ಟು?

ಕೈಗಡಿಯಾರ ಹಿಡಿದ ಅಧಿಕಾರಿ ಬರುತ್ತಾನೆ. ಒಬ್ಬ ಕೆಲಸಗಾರ್ತಿಯನ್ನು ಕೂರಿಸಿ ಅಳೆಯುತ್ತಾನೆ: ತುಂಡಿಗೆ 4 ನಿಮಿಷ. ಗಂಟೆಗೆ 15 ತುಂಡು, ತುಂಡಿಗೆ 8. ಮೇಲುನೋಟಕ್ಕೆ ಲೆಕ್ಕ ಸರಿ. ಆದರೆ ಅಳೆಯಲು ಆರಿಸಿದ್ದು ಚುರುಕಿನ ಕೈ. ಸಾಮಾನ್ಯರಿಗಿಂತ ಕಾಲುಭಾಗ ವೇಗ. ಅದನ್ನು ಸರಿದೂಗಿಸಲು 4ನ್ನು 1.25ರಿಂದ ಗುಣಿಸಬೇಕು, 5 ನಿಮಿಷವಾಯಿತು. ದಿನವಿಡೀ ಯಾರೂ ಒಂದೇ ಉಸಿರಿನಲ್ಲಿ ದುಡಿಯಲಾರರು. ನೀರು ಕುಡಿಯಬೇಕು, ಬಚ್ಚಲಿಗೆ ಹೋಗಬೇಕು, ನೂಲು ಹರಿಯುತ್ತದೆ, ಸೂಜಿ ಮುರಿಯುತ್ತದೆ. ಅದಕ್ಕೆ ಶೇ. 15 ಸೇರಿಸಿದರೆ 5.75 ನಿಮಿಷ. ಈಗ ತುಂಡಿಗೆ 11.50. ಎಂಟಕ್ಕೂ ಹನ್ನೊಂದೂವರೆಗೂ ನಡುವಿನ ಮೂರೂವರೆ ಗಡಿಯಾರದೊಳಗೆ ಅಡಗಿತ್ತು. ಆದೇಶದ 120 ಎಂಬ ಅಂಕಿಯನ್ನು ಯಾರೂ ಮುಟ್ಟಿಲ್ಲ.

ಇಷ್ಟು ಮಾಡಿದರೂ ಒಂದು ತೂತು ಉಳಿಯುತ್ತದೆ. ಸರಾಸರಿ ವೇಗದವಳಿಗೆ ಸರಿಯಾಗಿ 120 ಸಿಗುವಂತೆ ದರ ಕಟ್ಟಿದರೆ, ಸರಾಸರಿಗಿಂತ ತುಸು ನಿಧಾನ ಇರುವ ಅರ್ಧಕ್ಕರ್ಧ ಜನ ಕನಿಷ್ಠಕ್ಕಿಂತ ಕೆಳಗೆ ಬೀಳುತ್ತಾರೆ. ಬ್ರಿಟನ್ನಿನ ನಿಯಮ ಇದಕ್ಕೆ ಚೊಕ್ಕ ಉಪಾಯ ಮಾಡಿದೆ. ಮೊದಲು ಕೆಲಸಗಾರರನ್ನು ಪರೀಕ್ಷಿಸಿ ಗಂಟೆಯ ಸರಾಸರಿ ತುಂಡು ಕಂಡುಹಿಡಿಯಬೇಕು. ಅದನ್ನು 1.2ರಿಂದ ಭಾಗಿಸಬೇಕು. ಗಂಟೆಯ ಕನಿಷ್ಠ ಕೂಲಿಯನ್ನು ಆ ಉತ್ತರದಿಂದ ಭಾಗಿಸಬೇಕು. ಸರಾಸರಿ 12 ತುಂಡಾದರೆ 1.2ರಿಂದ ಭಾಗಿಸಿ 10. 120 ಭಾಗಿಸು 10, ತುಂಡಿಗೆ 12. ಗಂಟೆಗೆ 10 ತುಂಡು ಮಾಡುವವಳಿಗೂ ಕನಿಷ್ಠ ತಲುಪಿತು, ಸರಾಸರಿಯವಳಿಗೆ 144. ಆ 1.2 ಎಂಬ ಪುಟ್ಟ ಅಂಕಿ ಮಾಡುವ ಕೆಲಸವನ್ನು ಎಷ್ಟೋ ಭಾರೀ ಕಾಯ್ದೆಗಳು ಮಾಡುವುದಿಲ್ಲ ಎಂಬುದು ನನ್ನ ಎಣಿಕೆ.

ಅಳತೆ ಕೆಡುವುದಕ್ಕೆ ಬೇರೆ ದಾರಿಗಳೂ ಇವೆ. ಪರೀಕ್ಷೆ ನಡೆದದ್ದು ಹೊಸ ಯಂತ್ರದಲ್ಲಿ, ಬೆಳಗಿನ ಹೊತ್ತು, ಒಂದೇ ಅಳತೆಯ 500 ತುಂಡಿನ ಮೇಲೆ. ನಿಜದ ಕೆಲಸ ಹಳೆಯ ಯಂತ್ರದಲ್ಲಿ, 30 ತುಂಡಿಗೊಮ್ಮೆ ಮಾದರಿ ಬದಲಾಗುವಾಗ. ಕಟ್ಟು ಬಿಚ್ಚುವುದು, ಎಣಿಸುವುದು, ಮತ್ತೆ ಕಟ್ಟುವುದು ಅಳತೆಗೆ ಸೇರಿರುವುದಿಲ್ಲ. ಮಾಲು ಬರಲಿಲ್ಲವೆಂದು ಕಾದು ಕೂತ ಗಂಟೆಗೆ ತುಂಡೇ ಇಲ್ಲ, ಹಾಗಾಗಿ ಕೂಲಿಯೂ ಇಲ್ಲ. ಬಟ್ಟೆಯ ದೋಷಕ್ಕೆ ತಿರಸ್ಕೃತವಾದ ತುಂಡು ಹೊಲಿದವಳ ಲೆಕ್ಕದಿಂದ ಹೋಗುತ್ತದೆ, ಶೇ. 5ರಷ್ಟು ತಿರಸ್ಕಾರವೆಂದರೆ ಶೇ. 5ರಷ್ಟು ದರ ಕಡಿತವೇ. ಆಮೇಲೆ ಎಲ್ಲಕ್ಕಿಂತ ಹಳೆಯ ಆಟ: ಜನ ಕೈ ಪಳಗಿಸಿಕೊಂಡು 12ರ ಬದಲು 16 ಮಾಡತೊಡಗಿದರೆ ‘ದರ ಜಾಸ್ತಿಯಾಗಿದೆ’ ಎಂದು ತುಂಡಿನ ಬೆಲೆ ಇಳಿಸುವುದು. ಒಮ್ಮೆ ಹೀಗಾದರೆ ಆ ವಿಭಾಗದವರು ಮುಂದೆ ಎಂದೂ 12 ದಾಟುವುದಿಲ್ಲ, ಪಕ್ಕದವಳನ್ನೂ ದಾಟಲು ಬಿಡುವುದಿಲ್ಲ. ಸೋಮಾರಿತನ ಎಂದು ಮ್ಯಾನೇಜರು ಬೈಯುವುದು ಇದನ್ನೇ. ಅದು ಅವನೇ ಕಲಿಸಿದ ಪಾಠ. ವಿಧಾನವೋ ಯಂತ್ರವೋ ಬದಲಾದರೆ ಮಾತ್ರ ದರ ಮರುಪರಿಶೀಲನೆ ಎಂಬ ಸಾಲು ಒಪ್ಪಂದದಲ್ಲಿರಬೇಕು.

ಗಂಟೆ ಶುರುವಾಗುವುದು ಎಲ್ಲಿ

ಗಂಟೆಯ ಕೂಲಿಯಲ್ಲಿ ಮೋಸವಿಲ್ಲ ಎಂದುಕೊಳ್ಳಬೇಡಿ. ಗೇಟು ದಾಟಿದ ಕ್ಷಣವೋ, ಸಮವಸ್ತ್ರ ತೊಟ್ಟ ಕ್ಷಣವೋ, ಯಂತ್ರ ಚಾಲೂ ಆದ ಕ್ಷಣವೋ? 1946ರಲ್ಲಿ ಅಮೆರಿಕದ ಮೌಂಟ್ ಕ್ಲೆಮೆನ್ಸ್ ಮಡಕೆ ಕಾರ್ಖಾನೆಯ ಪ್ರಕರಣದಲ್ಲಿ, ಗೇಟಿನಿಂದ ಕೆಲಸದ ಜಾಗಕ್ಕೆ ನಡೆಯುವ ನಿಮಿಷಗಳೂ ಕೆಲಸದ ಹೊತ್ತೇ ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ದೇಶದ ತುಂಬ ಬಾಕಿ ಕೂಲಿಯ ದಾವೆಗಳು ಬಿದ್ದವು. ಮರುವರ್ಷ, 1947ರಲ್ಲೇ, ಸಂಸತ್ತು ಪೋರ್ಟಲ್ ಟು ಪೋರ್ಟಲ್ ಕಾಯ್ದೆ ತಂದು ಆ ನಿಮಿಷಗಳನ್ನು ಕಿತ್ತುಕೊಂಡಿತು. ಅದೇ ಕಾಯ್ದೆ ಹಿಡಿದು 2014ರಲ್ಲಿ, ಗೋದಾಮಿನವರು ಪಾಳಿ ಮುಗಿಸಿ ಕಳವು ತಪಾಸಣೆಯ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಕೂಲಿಯಿಲ್ಲ ಎಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಸಾಲು ನಿಲ್ಲದೆ ಹೊರಗೆ ಬಿಡುವುದಿಲ್ಲ, ನಿಂತದ್ದು ಕೆಲಸವೂ ಅಲ್ಲ! ಯೂರೋಪಿನ ನ್ಯಾಯಾಲಯ 2015ರಲ್ಲಿ ಬೇರೆ ದಿಕ್ಕಿಗೆ ಹೋಯಿತು: ಗೊತ್ತಾದ ಕಚೇರಿಯಿಲ್ಲದ ತಂತ್ರಜ್ಞ ಮನೆಯಿಂದ ಮೊದಲ ಗ್ರಾಹಕನ ಬಳಿಗೆ ಹೋಗುವ ಪ್ರಯಾಣವೂ ಕೆಲಸದ ಹೊತ್ತು.

ದಿನಕ್ಕೆ 25 ನಿಮಿಷ ಅಂದರೆ ಏನು ಮಹಾ ಎನ್ನಿಸಬಹುದು. 480 ನಿಮಿಷಕ್ಕೆ ಕೂಲಿ, 505 ನಿಮಿಷ ಹಾಜರಿ. ನಿಜವಾದ ಗಂಟೆಯ ದರ ಶೇ. 5ರಷ್ಟು ಇಳಿಯಿತು. ಎರಡು ವರ್ಷ ಹೋರಾಡಿ ಪಡೆದ ಶೇ. 5ರ ಏರಿಕೆಯನ್ನು ಒಂದು ತಪಾಸಣೆ ಸಾಲು ತಿಂದುಹಾಕುತ್ತದೆ. ಹಾಜರಿ ಯಂತ್ರ ಹೊತ್ತನ್ನು ಹತ್ತಿರದ ಕಾಲುಗಂಟೆಗೆ ಸುತ್ತಿಸುವಂತಿದ್ದರೆ (ರೌಂಡ್ ಮಾಡುವಂತಿದ್ದರೆ) ಅದು ಎರಡೂ ಕಡೆ ಒಂದೇ ರೀತಿ ಸುತ್ತಿಸುತ್ತದೆಯೇ ನೋಡಿ. ಏಳು ನಿಮಿಷ ತಡವಾದರೆ ಹದಿನೈದು ಕಡಿತ, ಹದಿನಾಲ್ಕು ನಿಮಿಷ ಹೆಚ್ಚು ನಿಂತರೆ ಸೊನ್ನೆ ಎಂದಾದರೆ ಅದು ಸುತ್ತಿಸುವುದಲ್ಲ.

ಕಡಿತದ ವಿಚಾರದಲ್ಲಿ ಕಾನೂನು ಮೊದಲೇ ಎಚ್ಚೆತ್ತಿತ್ತು. ಕಾರ್ಖಾನೆಯದೇ ಅಂಗಡಿಯ ಚೀಟಿಯಲ್ಲಿ ಕೂಲಿ ಕೊಡುವುದನ್ನು ಬ್ರಿಟನ್ 1831ರಲ್ಲೇ ಹಲವು ಕಸುಬುಗಳಲ್ಲಿ ನಿಷೇಧಿಸಿತು. 1949ರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 95ನೇ ಒಡಂಬಡಿಕೆಯೂ ಕೂಲಿಯನ್ನು ನೇರವಾಗಿ ಕೆಲಸಗಾರನಿಗೇ, ಚಲಾವಣೆಯ ಹಣದಲ್ಲೇ ಕೊಡಬೇಕೆನ್ನುತ್ತದೆ. ಈಗಿನ ರೂಪಗಳು ಸಮವಸ್ತ್ರದ ಠೇವಣಿ, ಹಾಸಿಗೆ ಬಾಡಿಗೆ, ಕೆಲಸ ಕೊಡಿಸಿದ ಶುಲ್ಕ, ಮುಂಗಡದ ಮೇಲಿನ ಬಡ್ಡಿ. ಕಡಿತಗಳೆಲ್ಲ ಆದಮೇಲೆ ಉಳಿದದ್ದನ್ನು ಗಂಟೆಯಿಂದ ಭಾಗಿಸಿ ನೋಡಬೇಕು, ಮೊದಲಲ್ಲ.

ಸಂಬಳದ ಚೀಟಿಯೊಳಗೇ ಇನ್ನೊಂದು ತಂತ್ರವಿದೆ. ಮೂಲವೇತನ ಚಿಕ್ಕದು ಮಾಡಿ ಭತ್ಯೆಗಳನ್ನು ಉದ್ದ ಮಾಡಿದರೆ ಭವಿಷ್ಯ ನಿಧಿ, ಗ್ರಾಚ್ಯುಟಿ, ಓವರ್‌ಟೈಮ್ ಎಲ್ಲ ಆ ಚಿಕ್ಕ ಅಂಕಿಯ ಮೇಲೆ ನಡೆಯುತ್ತವೆ. ಭಾರತದ 2019ರ ವೇತನ ಸಂಹಿತೆ ಇದಕ್ಕೊಂದು ಬೇಲಿ ಹಾಕಿದೆ: ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಪಾವತಿಯ ಅರ್ಧ ದಾಟಿದರೆ, ದಾಟಿದ ಭಾಗವೂ ವೇತನವೇ.

ಕಾಲ ತಿನ್ನುವ ಕೂಲಿ

ಅಮೆರಿಕದ ಕೇಂದ್ರ ಕನಿಷ್ಠ ದರ 2009ರ ಜುಲೈನಿಂದ 7.25 ಡಾಲರಿನಲ್ಲೇ ನಿಂತಿದೆ. ಟಿಪ್ಸ್ ಪಡೆಯುವವರ ಮೂಲ ದರವಂತೂ 1991ರಿಂದ 2.13. ಯಾರೂ ಕಡಿತ ಮಾಡಲಿಲ್ಲ, ಬೆಲೆಗಳೇ ಆ ಕೆಲಸ ಮಾಡಿದವು. ಫ್ರಾನ್ಸಿನಲ್ಲಿ ಪ್ರತಿ ಜನವರಿ 1ಕ್ಕೆ ಸೂತ್ರದಂತೆ ಏರಿಕೆ, ನಡುವೆ ಬೆಲೆ ಸೂಚ್ಯಂಕ ಶೇ. 2 ಏರಿದರೆ ವರ್ಷ ಮುಗಿಯುವುದನ್ನು ಕಾಯದೆ ತಾನಾಗಿ ಏರಿಕೆ. ಭಾರತದ ಕೇಂದ್ರ ವ್ಯಾಪ್ತಿಯಲ್ಲಿ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ತಿರುಗುತ್ತದೆ. ಎಷ್ಟು ತಿಂಗಳಿಗೊಮ್ಮೆ ಎಂಬುದು ಮುಖ್ಯ. ಬೆಲೆ ವರ್ಷಕ್ಕೆ ಶೇ. 6ರಂತೆ ಏರುತ್ತಿದ್ದು ವರ್ಷಕ್ಕೊಮ್ಮೆ ಮಾತ್ರ ಸರಿಪಡಿಸಿದರೆ, ಕೂಲಿ ‘ಪೂರ್ತಿ ರಕ್ಷಿತ’ ಎನ್ನುತ್ತಲೇ ವರ್ಷದ ಸರಾಸರಿಯಲ್ಲಿ ಸುಮಾರು ಶೇ. 3 ಕಳೆದಿರುತ್ತದೆ. ಆರು ತಿಂಗಳಿಗೊಮ್ಮೆಯಾದರೆ ಒಂದೂವರೆ. ಸೂಚ್ಯಂಕದ ಬುಟ್ಟಿ, ಅಂದರೆ ಬೆಲೆ ಅಳೆಯಲು ಆರಿಸಿದ ಸಾಮಾನುಗಳ ಪಟ್ಟಿ, ಯಾರದು ಎಂಬುದೂ ಅಷ್ಟೇ ಮುಖ್ಯ. ಕಡಿಮೆ ಕೂಲಿಯವರ ಖರ್ಚಿನಲ್ಲಿ ಆಹಾರದ ಪಾಲು ದೊಡ್ಡದು. ಎಲ್ಲರ ಸರಾಸರಿ ಬುಟ್ಟಿ ಹಿಡಿದರೆ ಆಹಾರ ತುಟ್ಟಿಯಾದ ವರ್ಷ ಅವರಿಗೆ ನಷ್ಟ.

ಕನಿಷ್ಠ ಏರಿದಾಗ ಅದರ ಮೇಲಿನ ಮೆಟ್ಟಿಲು ಮರೆತುಹೋಗುವುದೂ ಮಾಮೂಲು. ಹೊಸಬನಿಗೆ 100, ಐದು ವರ್ಷದ ಅನುಭವಿಗೆ 120 ಇತ್ತು. ಕನಿಷ್ಠ 115 ಆಯಿತು. ಐದು ವರ್ಷದ ಬೆಲೆ ಈಗ ಬರೀ ಐದು. ಮೊದಲು ಬಿಟ್ಟುಹೋಗುವವನು ಆ ಅನುಭವಿ.

ಹಿಡಿಯುವವರು ಯಾರು

ಜಾರಿಯ ವಿಚಾರ ಕೊನೆಗೆ ಒಂದು ಗುಣಾಕಾರ. ಕನಿಷ್ಠಕ್ಕಿಂತ ಕಡಿಮೆ ಕೊಟ್ಟು ಮಾಲೀಕ 100 ಉಳಿಸುತ್ತಾನೆ. ಸಿಕ್ಕಿಬೀಳುವ ಸಾಧ್ಯತೆ 50ರಲ್ಲಿ 1. ಸಿಕ್ಕರೆ ಬಾಕಿ ಮಾತ್ರ ಕಟ್ಟಬೇಕು ಎಂದಿದ್ದರೆ ಅವನ ಅಂದಾಜು ವೆಚ್ಚ 2. ಎರಡು ಪಟ್ಟು ಕಟ್ಟು ಎಂದರೂ 4. ಬರೀ ದಂಡದಿಂದ ಬೆದರಿಸಬೇಕಾದರೆ 50 ಪಟ್ಟು ವಿಧಿಸಬೇಕು, ಅದು ಎಲ್ಲೂ ನಡೆಯುವ ಮಾತಲ್ಲ. ಆದ್ದರಿಂದ ಜಾಣ ಕಾನೂನುಗಳು ಸಾಧ್ಯತೆಯನ್ನು ಏರಿಸುತ್ತವೆ, ಇಲ್ಲವೇ ಹೊಣೆಯನ್ನು ಮೇಲಕ್ಕೆ ಒಯ್ಯುತ್ತವೆ. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು ಎಂಬುದು ಒಂದು. ಅಮೆರಿಕದ 1938ರ ಕಾಯ್ದೆಯಲ್ಲಿ ಇನ್ನೂ ಹರಿತವಾದದ್ದಿದೆ: ಕೂಲಿ ನಿಯಮ ಮುರಿದು ತಯಾರಿಸಿದ ಸರಕನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವಂತಿಲ್ಲ. ಸೀಸನ್ ಮುಗಿಯುವ ಹೊತ್ತಿಗೆ ಲಾರಿ ನಿಂತರೆ ದಂಡದ ಅಂಕಿ ಯಾರೂ ಕೇಳುವುದಿಲ್ಲ, ಬಾಕಿ ಎರಡು ದಿನದಲ್ಲಿ ಚುಕ್ತಾ.

ಬ್ಯಾಂಕಿಗೆ ನೇರ ಜಮಾ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಪೊಳ್ಳು. ಎಟಿಎಂ ಕಾರ್ಡು ಮೇಸ್ತ್ರಿಯ ಜೇಬಿನಲ್ಲಿದ್ದರೆ 1982ರ ಜಮಾದಾರನಿಗೆ ಹೊಸ ಯಂತ್ರ ಸಿಕ್ಕಂತಾಯಿತು.

ಮೌಂಟ್ ಕ್ಲೆಮೆನ್ಸ್ ಪ್ರಕರಣದಿಂದ ನಡಿಗೆಯ ನಿಮಿಷಗಳು ಹೋದರೂ ಒಂದು ಮಾತು ಉಳಿದುಕೊಂಡಿತು. ದಾಖಲೆ ಇಡಬೇಕಾದವನು ಮಾಲೀಕ. ಅವನು ಇಟ್ಟಿಲ್ಲವಾದರೆ ಕೆಲಸಗಾರ ನ್ಯಾಯವಾದ ಅಂದಾಜು ತೋರಿಸಿದರೆ ಸಾಕು, ಅದು ತಪ್ಪೆಂದು ಸಾಧಿಸುವ ಭಾರ ಮಾಲೀಕನದು. ಇದರಿಂದಾಗಿ ಕೆಲಸಗಾರನ ಸ್ವಂತ ಪುಸ್ತಕಕ್ಕೂ ಬೆಲೆ ಬರುತ್ತದೆ. ಅದರಲ್ಲಿ ಬೇಕಾದ್ದು ಇಷ್ಟು: ತಾರೀಖು, ಗೇಟಿನೊಳಗೆ ಬಂದ ಹೊತ್ತು, ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು, ಗೇಟು ದಾಟಿದ ಹೊತ್ತು, ಮಾಲಿಲ್ಲದೆ ಕೂತ ನಿಮಿಷ, ಕೈಗೆ ಬಂದ ಹಣ, ಹಿಡಿದುಕೊಂಡ ಹಣ ಮತ್ತು ಅದಕ್ಕೆ ಹೇಳಿದ ಕಾರಣ. ತುಂಡಿನ ಕೆಲಸವಾದರೆ ಒಪ್ಪಿಸಿದ ತುಂಡು, ತಿರಸ್ಕೃತ ತುಂಡು ಬೇರೆ ಬೇರೆ ಕಾಲಮ್ಮಿನಲ್ಲಿ. ಅವತ್ತಿನದನ್ನು ಅವತ್ತೇ ಬರೆಯಬೇಕು. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ತುಂಬಿಸಿದ ಮೂವತ್ತು ಸಾಲನ್ನು ಎದುರು ಪಕ್ಷದ ವಕೀಲ ಮೊದಲ ಪುಟದಲ್ಲೇ ಹಿಡಿಯುತ್ತಾನೆ.